ಸ್ಟ್ರಾಂಗ್‌ಲಿಫ್ಟ್ಸ್ 5×5: ಹೊಸಬರಿಗೆ ಅಡ್ಡಿಯಿಲ್ಲ, ಸಣ್ಣ ಪ್ಲೇಟ್ ಇದ್ದರೆ

ಇದು ರಾಡು, ಪ್ಲೇಟುಗಳಿಂದ ಭಾರ ಎತ್ತುವ ವ್ಯಾಯಾಮ ಕ್ರಮ, ವಾರಕ್ಕೆ 3 ದಿನ. ಒಂದು ದಿನ ಸ್ಕ್ವಾಟ್ (ರಾಡು ಹೆಗಲ ಮೇಲಿಟ್ಟು ಕೂತೇಳುವುದು), ಬೆಂಚ್ ಪ್ರೆಸ್ (ಮಲಗಿ ಎದೆಯಿಂದ ಮೇಲೆ ತಳ್ಳುವುದು), ರೋ (ಬಾಗಿ ಮೈಯತ್ತ ಎಳೆಯುವುದು). ಮುಂದಿನ ಸಲ ಸ್ಕ್ವಾಟ್, ಓವರ್‌ಹೆಡ್ ಪ್ರೆಸ್ (ನಿಂತು ತಲೆಯ ಮೇಲೆ ಎತ್ತುವುದು), ಡೆಡ್‌ಲಿಫ್ಟ್ (ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವುದು). ಡೆಡ್‌ಲಿಫ್ಟ್ ಒಂದೇ ಸೆಟ್, ಉಳಿದದ್ದೆಲ್ಲ 5 ಸೆಟ್; ಪ್ರತಿ ಸೆಟ್‌ನಲ್ಲಿ 5 ರೆಪ್, ಅಂದರೆ ಬಿಡದೆ 5 ಸಲ ಎತ್ತುವುದು. ಸ್ಕ್ವಾಟ್ ಶುರುವಾಗುವುದು 20 ಕೆಜಿಯ ಖಾಲಿ ರಾಡಿನಿಂದ, ಪ್ರತಿ ಸಲ 2.5 ಕೆಜಿ ಏರಿಕೆ.

ಎಡವಟ್ಟಾಗುವುದು ಇಲ್ಲೇ. ಜಿಮ್ಮಿನಲ್ಲಿ 2.5 ಕೆಜಿಗಿಂತ ಸಣ್ಣ ಪ್ಲೇಟ್ ಇಲ್ಲದಿದ್ದರೆ ಎರಡೂ ಬದಿ ಸೇರಿ ಒಮ್ಮೆಗೇ 5 ಕೆಜಿ ಏರುತ್ತದೆ. ಸ್ಕ್ವಾಟ್ ತಡೆದುಕೊಂಡೀತು, ಓವರ್‌ಹೆಡ್ ಪ್ರೆಸ್ ಬೇಗ ಮುಗ್ಗರಿಸುತ್ತದೆ. 1.25 ಕೆಜಿಯ ಜೋಡಿ ಬ್ಯಾಗಿನಲ್ಲೇ ಇರಲಿ.

ಮಂಗಳೂರಿನ ಸೆಕೆಗೆ ಅಂಗೈ ಬೆವರಿ, ಡೆಡ್‌ಲಿಫ್ಟ್‌ನಲ್ಲಿ ಬೆನ್ನಿಗಿಂತ ಮೊದಲು ಹಿಡಿತ ಸೋಲುತ್ತದೆ. ಅಂಗೈ ಒಣಗಿಸುವ ಪುಡಿ, ಚಾಕ್, ಬೇಕೇ ಬೇಕು. ಪುಡಿ ಚೆಲ್ಲಿದರೆ ಗೊಣಗುವ ಜಿಮ್ಮಾದರೆ ಲಿಕ್ವಿಡ್ ಚಾಕ್.

ಒಂದೇ ಭಾರದಲ್ಲಿ ಸತತ 3 ಸಲ ರೆಪ್ ಪೂರೈಸಲಾಗದಿದ್ದರೆ ಭಾರ 10% ಇಳಿಸುವ ನಿಯಮ ಒಳ್ಳೆಯದು. ಸ್ಕ್ವಾಟ್ ಭಾರವಾದ ಮೇಲೆ ಮಾತ್ರ 5 ಸೆಟ್ ಹೆಚ್ಚೇ ಆಯಿತು, 3ಕ್ಕೆ ಇಳಿಸಿ.