ಪ್ರಿಪ್ರಿಂಟ್ ಹಾಕಿದ ಮೇಲೆ ಬರುವ ಆಹ್ವಾನಗಳ ಬಗ್ಗೆ ಎಚ್ಚರವಿರಲಿ

ಕಳೆದ ವರ್ಷ ನಾನು ಮತ್ತು ನನ್ನ ಮಾರ್ಗದರ್ಶಕರು ಮಲೆನಾಡಿನ ತೊರೆಗಳ ಸೂಕ್ಷ್ಮಜೀವಿಗಳನ್ನು ಕುರಿತ ಲೇಖನವೊಂದನ್ನು ಜೀವವಿಜ್ಞಾನದ ಜಾಲತಾಣ ಬಯೋಆರ್ಕೈವ್‌ನಲ್ಲಿ ಪ್ರಿಪ್ರಿಂಟ್ ಆಗಿ, ಅಂದರೆ ತಜ್ಞರ ಪರಿಶೀಲನೆಗೆ ಮುನ್ನವೇ ಎಲ್ಲರೂ ಓದಬಹುದಾದ ಪ್ರತಿಯಾಗಿ, ಪ್ರಕಟಿಸಿದೆವು. ಅದರ ಬಗ್ಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಭೌತವಿಜ್ಞಾನಿಗಳು 1991ರಿಂದ ತಮ್ಮ ಪ್ರಿಪ್ರಿಂಟ್ ಭಂಡಾರವಾದ ಆರ್ಕೈವ್‌ನಲ್ಲಿ ಮಾಡುತ್ತಿದ್ದುದನ್ನು ಜೀವವಿಜ್ಞಾನದವರಾದ ನಾವು 2013ರಲ್ಲಿ ಬಯೋಆರ್ಕೈವ್ ಬಂದ ಮೇಲೆ ತಡವಾಗಿ ರೂಢಿಸಿಕೊಂಡೆವು, ಅಷ್ಟೇ. ನಾನು ಎಡವಿದ್ದು ಆ ಮೇಲೆ.

ಹತ್ತು ದಿನಗಳೊಳಗೆ ಒಂದು ನಿಯತಕಾಲಿಕೆಯಿಂದ ಮೇಲ್ ಬಂತು. ನಮ್ಮ ಲೇಖನದ ಶೀರ್ಷಿಕೆಯನ್ನು ಉಲ್ಲೇಖಿಸಿ, ತಾವು ಹಳೆಯ ಪೀರ್ ರಿವ್ಯೂ (ಪ್ರಕಟಣೆಗೆ ಮುನ್ನ ಅದೇ ಕ್ಷೇತ್ರದ ತಜ್ಞರ ಪರಿಶೀಲನೆ) ಪದ್ಧತಿಯನ್ನು ಕೈಬಿಟ್ಟಿರುವುದಾಗಿಯೂ, ಸ್ವೀಕಾರ ಅಥವಾ ತಿರಸ್ಕಾರ ಎಂಬ ತೀರ್ಪು ಕೊಡದೆ ಐದೇ ದಿನಗಳಲ್ಲಿ 'ಪರಿಶೀಲಿತ ಪ್ರಿಪ್ರಿಂಟ್' ಪ್ರಕಟಿಸುವುದಾಗಿಯೂ ಬರೆದಿದ್ದರು. ನಾನು ನಂಬಿದ್ದಕ್ಕೆ ಕಾರಣವಿತ್ತು: ಜೀವವಿಜ್ಞಾನದ ಹೆಸರಾಂತ ಪತ್ರಿಕೆ ಇಲೈಫ್ 2023ರ ಜನವರಿಯಿಂದ ಇಂಥದೇ ಮಾದರಿಯನ್ನು ಅನುಸರಿಸುತ್ತಿದೆ ಎಂಬುದು ನನಗೆ ಗೊತ್ತಿತ್ತು. ಏನೂ ತಿಳಿಯದವರು ಬಹುಶಃ ಆ ಮೇಲ್ ಅಳಿಸಿ ಸುಮ್ಮನಾಗುತ್ತಿದ್ದರು. ನನ್ನಂಥ ಅರೆತಿಳಿವಿನವರೇ ಅವರಿಗೆ ಬೇಕಾದವರು.

ಇಲೈಫ್‌ನಲ್ಲಿ ಪರಿಶೀಲಕರ ಟಿಪ್ಪಣಿಗಳನ್ನೂ ಸಂಪಾದಕರ ಮೌಲ್ಯಮಾಪನವನ್ನೂ ಲೇಖನದ ಜೊತೆಗೇ ಯಾರು ಬೇಕಾದರೂ ಓದಬಹುದು. ಲೇಖನದಲ್ಲಿನ ಸಾಕ್ಷ್ಯ ದುರ್ಬಲವಾಗಿದ್ದರೆ ಅದನ್ನೂ ಅಲ್ಲಿ ಬರೆದಿರುತ್ತಾರೆ. ಈ ನಿಯತಕಾಲಿಕೆಯ ಒಂದೇ ಒಂದು ಲೇಖನದ ಜೊತೆಗೂ ಟಿಪ್ಪಣಿಗಳಿರಲಿಲ್ಲ, ಇದ್ದದ್ದು 'ಪರಿಶೀಲಿಸಲಾಗಿದೆ' ಎಂಬ ಮುದ್ರೆ ಮಾತ್ರ. ಎರಡು ನಿಮಿಷದಲ್ಲಿ ನೋಡಬಹುದಾಗಿದ್ದ ಇದನ್ನು ನಾನು ನೋಡಲಿಲ್ಲ. ಮಾರ್ಗದರ್ಶಕರನ್ನೂ ಸರಿಯಾಗಿ ಕೇಳದೆ 22,000 ರೂಪಾಯಿ ಕಟ್ಟಿದೆ.

ಬಂದ ವರದಿ ನಾಲ್ಕು ಸಾಲಿನದು: ಭಾಷೆ ತಿದ್ದಿ, ಉಲ್ಲೇಖಗಳನ್ನು ಹೆಚ್ಚಿಸಿ. ನಮ್ಮ ನಿಯಂತ್ರಣ ಮಾದರಿಗಳ (ಹೋಲಿಕೆಗೆಂದು ಬಳಸುವ ಮಾದರಿಗಳ) ಸಂಖ್ಯೆ ತೀರ ಕಡಿಮೆ ಎಂಬುದನ್ನು ಪ್ರಿಪ್ರಿಂಟ್ ಓದಿದ ಅಪರಿಚಿತ ವಿದ್ಯಾರ್ಥಿಯೊಬ್ಬರು ಬಿಡಿಗಾಸೂ ಪಡೆಯದೆ ಮೂರೇ ದಿನಗಳಲ್ಲಿ ಬರೆದು ತಿಳಿಸಿದ್ದರು. ಹಣ ಪಡೆದ 'ತಜ್ಞರಿಗೆ' ಅದು ಕಾಣಲಿಲ್ಲ. ಅನುಮಾನ ಬಂದು ಸಂಪಾದಕ ಮಂಡಳಿಯ ಪಟ್ಟಿಯಲ್ಲಿದ್ದ ಪ್ರಾಧ್ಯಾಪಕರೊಬ್ಬರಿಗೆ ಅವರ ವಿಶ್ವವಿದ್ಯಾಲಯದ ವಿಳಾಸಕ್ಕೆ ಬರೆದಾಗ, ತಮ್ಮ ಹೆಸರು ಅಲ್ಲಿರುವುದೇ ಗೊತ್ತಿಲ್ಲ ಎಂದರು. ಹಣ ಕಟ್ಟುವ ಮುನ್ನ ಬರೆಯಬೇಕಾಗಿದ್ದ ಪತ್ರ ಅದು.

ಲೇಖನವನ್ನು ಹಿಂತೆಗೆಯಿರಿ ಎಂದು ಕೇಳಿದರೆ ಅದಕ್ಕೆ 300 ಡಾಲರ್ ಪ್ರತ್ಯೇಕ ಶುಲ್ಕ ಎಂಬ ಉತ್ತರ ಬಂತು. ನಾವು ಮೊದಲು ಉದ್ದೇಶಿಸಿದ್ದ ಪತ್ರಿಕೆಯ ಸಂಪಾದಕರು, ಪ್ರಿಪ್ರಿಂಟ್ ಇರುವುದಕ್ಕೆ ತಮ್ಮ ಆಕ್ಷೇಪವಿಲ್ಲ, ಆದರೆ ಮತ್ತೊಂದು ನಿಯತಕಾಲಿಕೆಯಲ್ಲಿ ಡಿಓಐ ಸಹಿತ ಪ್ರಕಟವಾದದ್ದನ್ನು ಪರಿಗಣಿಸಲಾಗದು ಎಂದು ಸೌಜನ್ಯದಿಂದಲೇ ತಿಳಿಸಿದರು. ಡಿಓಐ ಇದ್ದರೆ ಲೇಖನಕ್ಕೆ ಮಾನ್ಯತೆಯಿದೆ ಎಂದು ನಂಬಿದವರಲ್ಲಿ ನಾನೂ ಒಬ್ಬ. ಅದು ಲೇಖನ ಎಲ್ಲಿದೆಯೆಂದು ಗುರುತಿಸುವ ಸಂಖ್ಯೆಯೇ ಹೊರತು ಗುಣಮಟ್ಟದ ಪ್ರಮಾಣಪತ್ರವಲ್ಲ. ನಂಬಬಹುದಾದ ನಿಯತಕಾಲಿಕೆಗಳನ್ನು ಹೆಸರಿಸುತ್ತಿದ್ದ ಯುಜಿಸಿಯ ಕೇರ್ ಪಟ್ಟಿಯೂ 2025ರಲ್ಲಿ ನಿಂತುಹೋಗಿರುವುದರಿಂದ, ಇಂಥವನ್ನು ಪರೀಕ್ಷಿಸುವ ಹೊಣೆ ಈಗ ಸಂಸ್ಥೆಗಳ ಮೇಲೆ, ಅಂದರೆ ಬಹುಪಾಲು ನಮ್ಮ ಮೇಲೆಯೇ ಬಿದ್ದಿದೆ.

ಶುಲ್ಕ ಕಟ್ಟಲು ನಾವು ಒಪ್ಪಿಲ್ಲ. ಆ ವಿದ್ಯಾರ್ಥಿ ತೋರಿಸಿದ ದೋಷವನ್ನು ಸರಿಪಡಿಸಿದ ಪಠ್ಯ ನನ್ನ ಕಂಪ್ಯೂಟರಿನಲ್ಲೇ ಉಳಿದಿದೆ. ತಪ್ಪಿರುವ ಪಠ್ಯ ಮಾತ್ರ ಆ ನಿಯತಕಾಲಿಕೆಯ ಪುಟದಲ್ಲಿ, 'ಪರಿಶೀಲಿಸಲಾಗಿದೆ' ಎಂಬ ಮುದ್ರೆಯ ಕೆಳಗೆ, ನಮ್ಮಿಬ್ಬರ ಹೆಸರಿನಲ್ಲಿ ಇಂದಿಗೂ ಇದೆ.