ಯಾದವಗಿರಿಯ ಮನೆ, ಅರಸಾಳಿನ ನಿಲ್ದಾಣ: ಮಕ್ಕಳ ಜೊತೆ ಎಲ್ಲಿಗೆ ಹೋಗಬೇಕು?

ಆರ್.ಕೆ. ನಾರಾಯಣ್ ಬರೆದ ಸ್ವಾಮಿಯ ಕತೆ ಓದಿ ಮುಗಿಸಿದ ಮಗು ಅವನ ಊರಾದ ಮಾಲ್ಗುಡಿಗೆ ಕರೆದುಕೊಂಡು ಹೋಗು ಎಂದು ಹಟ ಹಿಡಿದರೆ, ಅಂಥ ಊರೇ ಇಲ್ಲ ಎಂದು ಹೇಳಿ ಕೈತೊಳೆದುಕೊಳ್ಳುವ ಅನುಕೂಲ ಕರ್ನಾಟಕದ ತಂದೆತಾಯಂದಿರಿಗೆ ಇಲ್ಲ. ಇಲ್ಲದ ಆ ಊರಿಗೆ ನಮ್ಮಲ್ಲಿ ಎರಡು ವಿಳಾಸಗಳಿವೆ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಕಟ್ಟಿಸಿಕೊಂಡಿದ್ದ ಮನೆ 2016ರಿಂದ ವಸ್ತುಸಂಗ್ರಹಾಲಯವಾಗಿದೆ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡ 2020ರಿಂದ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಎರಡಕ್ಕೂ ನನ್ನ ಮಗಳನ್ನೂ ಅವಳಿಗಿಂತ ಚಿಕ್ಕವನಾದ ಅಣ್ಣನ ಮಗನನ್ನೂ ಕಟ್ಟಿಕೊಂಡು ಹೋಗಿ ಬಂದಿದ್ದೇನೆ. ಎರಡರಲ್ಲಿ ಒಂದೇ ಸಾಧ್ಯ ಎನ್ನುವವರಿಗೆ ನನ್ನ ಉತ್ತರ ಅರಸಾಳು. ಹಾಗೆಂದು ಎರಡೂ ಕಡೆ ಸೇರಿ ನನಗೆ ಹೆಚ್ಚು ಇಷ್ಟವಾದ ಜಾಗ ಯಾವುದೆಂದರೆ ಅದು ಅರಸಾಳಿನಲ್ಲಿಲ್ಲ, ಯಾದವಗಿರಿಯ ಮಹಡಿಯ ಮೇಲಿದೆ.

ನಾರಾಯಣ್ ಮಕ್ಕಳ ಲೇಖಕರೇ ಎಂಬ ತಕರಾರು ಬರಬಹುದು. 1935ರಲ್ಲಿ ಲಂಡನ್ನಿನಲ್ಲಿ ಸ್ವಾಮಿಯ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅಚ್ಚಾದದ್ದು ದೊಡ್ಡವರಿಗಾಗಿ. ಅದನ್ನು ಅಚ್ಚು ಮಾಡಿಸಿದ ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಕೂಡ ಮಕ್ಕಳ ಪುಸ್ತಕವೆಂದು ಹೊಗಳಿದವರಲ್ಲ. ಆದರೂ ಪಠ್ಯಪುಸ್ತಕಗಳ ಮೂಲಕ, ಆಮೇಲೆ ದೂರದರ್ಶನದ ಮೂಲಕ ಸ್ವಾಮಿ ಮಕ್ಕಳ ಪಾಲಾದ. ಲೇಖಕರೂ ಮಕ್ಕಳ ಪರ ವಕಾಲತ್ತು ವಹಿಸಿದ್ದರು. ರಾಜ್ಯಸಭೆಗೆ ನಾಮನಿರ್ದೇಶನಗೊಂಡಿದ್ದಾಗ ಅವರು ಎತ್ತಿಕೊಂಡ ವಿಷಯ ಶಾಲಾ ಮಕ್ಕಳ ಬೆನ್ನ ಮೇಲಿನ ಚೀಲದ ಭಾರ. ಕೆಲವು ವರ್ಷಗಳ ನಂತರ ಇದೇ ವಿಷಯಕ್ಕೆ ಯಶಪಾಲ್ ಸಮಿತಿ ರಚನೆಯಾಗಿ 1993ರಲ್ಲಿ ವರದಿಯನ್ನೂ ಕೊಟ್ಟಿತು. ಚೀಲ ಹಗುರವಾಯಿತೇ ಎಂದು ಮಾತ್ರ ಕೇಳಬೇಡಿ. ನನ್ನ ಮಗಳ ಚೀಲವನ್ನು ನಾನೇ ಬಸ್ಸಿಗೆ ಎತ್ತಿ ಹಾಕುತ್ತೇನೆ.

ಮೊದಲು ಯಾದವಗಿರಿ. ಮೈಸೂರಿನ ರೈಲು ನಿಲ್ದಾಣದಿಂದ ಆಟೋದಲ್ಲಿ ಕೆಲವೇ ನಿಮಿಷ. ಅಕ್ಕಪಕ್ಕದ ಮನೆಗಳಿಗಿಂತ ಹೆಚ್ಚೇನೂ ಸದ್ದು ಮಾಡದ, ಬಿಳಿ ಬಣ್ಣದ ಎರಡಂತಸ್ತಿನ ಮನೆ. 1950ರ ದಶಕದ ಆರಂಭದಲ್ಲಿ ಇದು ಎದ್ದು ನಿಂತರೂ ನಾರಾಯಣ್ ಒಡನೆಯೇ ಒಕ್ಕಲು ಬರಲಿಲ್ಲ. ಸಂಸಾರವೆಲ್ಲ ಲಕ್ಷ್ಮೀಪುರದ ಮನೆಯಲ್ಲಿತ್ತು, ಇವರು ಬರೆಯುವುದಕ್ಕೆ ಮಾತ್ರ ಇಲ್ಲಿಗೆ ಬರುತ್ತಿದ್ದರು. ಕೊನೆಗಾಲದಲ್ಲಿ ಚೆನ್ನೈಗೆ ಹೋದ ಮೇಲೆ ಮನೆ ಖಾಲಿಯಾಯಿತು. 2011ರಲ್ಲಿ ಕೆಡವುವ ಕೆಲಸ ಶುರುವಾಗಿಯೇ ಬಿಟ್ಟಿತ್ತು. ಪತ್ರಿಕೆಗಳಲ್ಲಿ ಗುಲ್ಲೆದ್ದು ಕೆಲಸ ನಿಂತಿತು, ಆಮೇಲೆ ಮಹಾನಗರ ಪಾಲಿಕೆ ಕೊಂಡು ದುರಸ್ತಿ ಮಾಡಿಸಿತು. ಇಂಗ್ಲಿಷಿನಲ್ಲಿ ಬರೆದವರಿಗೆ ಕನ್ನಡಿಗರ ದುಡ್ಡಿನಲ್ಲಿ ಸ್ಮಾರಕವೇಕೆ ಎಂದು ಕೆಲವು ಕನ್ನಡ ಲೇಖಕರು ಆಗ ಪ್ರಶ್ನಿಸಿದ್ದರು. ಪ್ರಶ್ನೆ ಅಸಂಬದ್ಧವಲ್ಲ, ನಮ್ಮ ಎಷ್ಟೋ ಕವಿಗಳ ಮನೆಗಳು ಹೇಳಹೆಸರಿಲ್ಲದೆ ಹೋಗಿವೆ. ಆದರೆ ಇದ್ದ ಒಂದನ್ನೂ ಬೀಳಿಸಿದ್ದರೆ ಅವು ಎದ್ದು ಬರುತ್ತಿರಲಿಲ್ಲವಲ್ಲ.

ಒಳಗೆ ಇರುವುದು ಮನುಷ್ಯ ನಾರಾಯಣ್. ಗಾಜಿನ ಹಿಂದೆ ಕೋಟು, ಕನ್ನಡಕ, ಪದ್ಮ ಪ್ರಶಸ್ತಿಗಳು, ಗೌರವ ಡಾಕ್ಟರೇಟುಗಳು. ಗೋಡೆಯ ಮೇಲೆ ಫೋಟೋಗಳು, ಪುಸ್ತಕಗಳಿಂದ ಆಯ್ದ ಸಾಲುಗಳು. ನನ್ನ ಮಗಳು ಕೋಟಿನ ಮುಂದೆ ಸ್ವಲ್ಪ ಹೊತ್ತು ನಿಂತಳು. ಅಷ್ಟು ದೊಡ್ಡ ಹೆಸರಿನವರ ಕೋಟು ಅಷ್ಟು ಸಾಧಾರಣವಾಗಿರುವುದು ಅವಳಿಗೆ ಒಗ್ಗಲಿಲ್ಲ. ಚಿಕ್ಕವನು ಕೇಳಿದ್ದು ಒಂದೇ: ‘ಸ್ವಾಮಿಯ ರೂಮು ಯಾವುದು?’ ಸ್ವಾಮಿಯ ರೂಮು ಇಲ್ಲಿಲ್ಲ ಮಾರಾಯ, ಸ್ವಾಮಿಯನ್ನು ಬರೆದವರ ರೂಮು ಇದೆ ಎಂದರೆ ಏಳು ವರ್ಷದವನಿಗೆ ಅದು ಮೋಸವಾಗಿಯೇ ಕಾಣುತ್ತದೆ. ಅವನ ದೃಷ್ಟಿಯಲ್ಲಿ ಸ್ವಾಮಿ ಮುಖ್ಯ, ಬರೆದವರು ಯಾರೋ ಒಬ್ಬರು ತಾತ. ನಿಜ ಹೇಳಬೇಕೆಂದರೆ ಈ ಮನೆಗೆ ಸ್ವಾಮಿ ಕಾಲಿಟ್ಟದ್ದೂ ಇಲ್ಲ. ಸ್ವಾಮಿ ಹುಟ್ಟಿದ್ದು 1930ರ ವಿಜಯದಶಮಿಯಂದು, ಬೆಂಗಳೂರಿನಲ್ಲಿ. ಈ ಮನೆ ಎದ್ದು ನಿಲ್ಲುವ ಹೊತ್ತಿಗೆ ಅವನ ಪುಸ್ತಕ ಬಂದು ಹದಿನೈದು ವರ್ಷದ ಮೇಲಾಗಿತ್ತು.

ಮಹಡಿ ಹತ್ತಿದರೆ ಮಾತು ಬೇರೆ. ನಾರಾಯಣ್ ಬರೆಯುವುದಕ್ಕೆಂದೇ ಮಾಡಿಸಿಕೊಂಡ, ಹೊರಚಾಚಿದ ದುಂಡನೆಯ ಒಂದು ಮೂಲೆ ಅಲ್ಲಿದೆ. ಎಂಟು ಕಿಟಕಿಗಳು. ತಮ್ಮ ಆತ್ಮಕಥೆಯಲ್ಲಿ ಈ ಎಂಟು ಕಿಟಕಿಗಳನ್ನು ಅವರೇ ಹೆಮ್ಮೆಯಿಂದ ಎಣಿಸಿದ್ದಾರೆ. ಆಗ ಅಲ್ಲಿಂದ ಚಾಮುಂಡಿ ಬೆಟ್ಟದ ದೇವಸ್ಥಾನ ಕಾಣುತ್ತಿತ್ತು, ಸುತ್ತ ದನ ಕುರಿ ಮೇಯುವ ಬಯಲಿತ್ತು. ಈಗ ಕಾಣುವುದು ಮರದ ಕೊಂಬೆ, ಎದುರಿನವರ ತಾರಸಿ, ನೀರಿನ ಟ್ಯಾಂಕು. ಆದರೂ ಬೆಳಕು ಮಾತ್ರ ಹಳೆಯದೇ. ನಾವು ಹೋದದ್ದು ಮಧ್ಯಾಹ್ನ. ನೆಲದ ಮೇಲೆ ಕಿಟಕಿಯ ಸರಳುಗಳ ನೆರಳು ಅರ್ಧಚಂದ್ರಾಕಾರವಾಗಿ ಬಿದ್ದಿತ್ತು. ಮಗಳು ಒಂದೊಂದು ಕಿಟಕಿಗೂ ಹೋಗಿ ಇಣುಕಿ, ಎಂಟನೆಯದರ ಹತ್ತಿರ ನಿಂತು, ಇಷ್ಟು ಕಿಟಕಿ ಇದ್ದರೆ ಯಾರಾದರೂ ಬರೆಯುತ್ತಾರೆಯೇ, ಹೊರಗೇ ನೋಡುತ್ತಾ ಕೂರುತ್ತಾರೆ ಎಂದಳು. ನಾರಾಯಣ್ ಓದುಗರಿಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ಬೇಕಿಲ್ಲ. ಅವರು ಮಾಡಿದ ಕೆಲಸವೇ ಅದು, ಹೊರಗೆ ನೋಡುತ್ತಾ ಕೂತದ್ದು.

ಅರಸಾಳಿನ ಸ್ವಭಾವವೇ ಬೇರೆ. ಅಲ್ಲಿ ನಾರಾಯಣ್ ಇಲ್ಲ, ಇರುವವರು ಶಂಕರ್ ನಾಗ್. ಅವರು ನಿರ್ದೇಶಿಸಿ 1986ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಊರು ಸಿಕ್ಕಿದ್ದು ಆಗುಂಬೆಯಲ್ಲಿ, ರೈಲು ನಿಲ್ದಾಣ ಸಿಕ್ಕಿದ್ದು ಇಲ್ಲಿ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ಹಳಿ ಆಗ ಮೀಟರ್ ಗೇಜ್. ಕಾಡಿನ ನಡುವೆ ಹೆಂಚಿನ ಮಾಡಿನ ಪುಟ್ಟ ನಿಲ್ದಾಣ, ದಿನಕ್ಕೆ ಬೆರಳೆಣಿಕೆಯ ಗಾಡಿಗಳು. ಚಿತ್ರೀಕರಣದವರಿಗೆ ಇನ್ನೇನು ಬೇಕು? ಬ್ರಾಡ್ ಗೇಜ್ ಬಂದ ಮೇಲೆ ಹಳೆಯ ಕಟ್ಟಡಕ್ಕೆ ಕೆಲಸವಿಲ್ಲದೆ ಪಾಳು ಬಿತ್ತು. ಅದನ್ನು ರೈಲ್ವೆಯವರು ದುರಸ್ತಿ ಮಾಡಿಸಿ ಮ್ಯೂಸಿಯಂ ಮಾಡಿದರು. ಒಳಗಿನ ಕಲೆಯ ಕೆಲಸ ಮಾಡಿದವರು ಜಾನ್ ದೇವರಾಜ್, ಅಂದು ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದವರೇ. ಮೂವತ್ತು ಚಿಲ್ಲರೆ ವರ್ಷಗಳ ನಂತರ ತಾನೇ ಕಟ್ಟಿದ್ದ ಊರಿಗೆ ಅದೇ ಮನುಷ್ಯ ಮತ್ತೆ ಬಣ್ಣ ಹಚ್ಚುವುದು ಎಲ್ಲ ಮ್ಯೂಸಿಯಂಗಳಿಗೂ ಸಿಗುವ ಭಾಗ್ಯವಲ್ಲ.

ಒಳಗೆ ಧಾರಾವಾಹಿಯ ದೃಶ್ಯಗಳು, ಪಾತ್ರಗಳ ಚಿತ್ರಗಳು, ಕಲಾಕೃತಿಗಳು. ಸ್ವಾಮಿಯಾಗಿ ನಟಿಸಿದ ಮಾಸ್ಟರ್ ಮಂಜುನಾಥ್ ಮುಖ ಕಂಡದ್ದೇ ತಡ, ಚಿಕ್ಕವನ ಮುಖ ಅರಳಿತು. ಅವನಿಗೆ ಬೇಕಿದ್ದ ಸ್ವಾಮಿ ಸಿಕ್ಕಿದ್ದ. ವಸ್ತುಗಳ ಬೆಲೆಯಿಂದ ಅಳೆದರೆ ಯಾದವಗಿರಿಯ ಒಂದು ಕನ್ನಡಕದ ಮುಂದೆ ಇಲ್ಲಿರುವುದೆಲ್ಲ ನಕಲು. ನಕಲಿನ ಚಿತ್ರ, ನಕಲಿನ ಊರು, ನಟಿಸಿದವರ ಮುಖ. ಸಣ್ಣ ಕಟ್ಟಡವಾದ್ದರಿಂದ ಗಡಿಬಿಡಿಯವರು ಕಾಲು ಗಂಟೆಯಲ್ಲಿ ನೋಡಿ ಮುಗಿಸಬಹುದು. ಅಷ್ಟಕ್ಕೇ ನೂರಾರು ಕಿಲೋಮೀಟರ್ ಬಂದೆವೇ ಎಂದು ಗೊಣಗುವ ಒಬ್ಬರು ಪ್ರತಿ ಕುಟುಂಬದಲ್ಲೂ ಇರುತ್ತಾರೆ. ನಮ್ಮಲ್ಲಿ ಅದು ಅಣ್ಣ.

ಅವನನ್ನು ಸುಮ್ಮನಾಗಿಸಿದ್ದು ಚಹಾ. ಹಳೆಯ ರೈಲು ಬೋಗಿಯೊಂದನ್ನು ಪಕ್ಕದಲ್ಲೇ ನಿಲ್ಲಿಸಿ ‘ಮಾಲ್ಗುಡಿ ಚಾಯ್’ ಎಂದು ಚಹಾದಂಗಡಿ ಮಾಡಿದ್ದಾರೆ. ಬೋಗಿಯೊಳಗೆ ಕೂತು, ಎಲ್ಲಿಗೂ ಹೋಗದ ಗಾಡಿಯ ಕಿಟಕಿಯಿಂದ ಹೊರಗೆ ನೋಡುತ್ತಾ ಲೋಟ ಹಿಡಿದರೆ ನಲವತ್ತು ದಾಟಿದವರಿಗೆಲ್ಲ ಧಾರಾವಾಹಿಗೆ ಎಲ್. ವೈದ್ಯನಾಥನ್ ಕೊಟ್ಟ ಆ ರಾಗ ತಾನಾಗಿ ಬಾಯಿಗೆ ಬರುತ್ತದೆ. ಅಣ್ಣನಿಗೂ ಬಂತು. ಮಕ್ಕಳಿಗೆ ಆ ರಾಗದ ಹಂಗಿಲ್ಲ. ಅವರು ಹತ್ತಿ ಇಳಿದು, ಇಳಿದು ಹತ್ತಿ, ಒಬ್ಬರು ಗಾರ್ಡು, ಒಬ್ಬರು ಟಿಕೆಟ್ ಕಲೆಕ್ಟರ್ ಆದರು. ಅಷ್ಟರಲ್ಲಿ ಪಕ್ಕದ ಹಳಿಯ ಮೇಲೆ ನಿಜವಾದ ರೈಲೇ ಬಂತು! ಮ್ಯೂಸಿಯಂ ನೋಡಲು ಬಂದ ಮಕ್ಕಳೆಲ್ಲ ತಂದೆತಾಯಂದಿರ ಕೈ ಹಿಡಿದು ದೂರದಲ್ಲೇ ನಿಂತು ಅದಕ್ಕೆ ಕೈ ಬೀಸಿದರು. ಗಾಡಿಯೊಳಗಿನ ಯಾರೋ ತಿರುಗಿ ಕೈ ಬೀಸಿದರು. ಇಂಥದ್ದನ್ನು ಯಾವ ಕ್ಯುರೇಟರೂ ಏರ್ಪಡಿಸಲಾರ.

ಇಲ್ಲಿ ನಾನು ಅರಸಾಳಿನ ಪರ ವಾಲುವುದಕ್ಕೆ ಬರೀ ಮಕ್ಕಳ ಖುಷಿ ಕಾರಣವಲ್ಲ. ಸ್ವಾಮಿಯ ಕಾದಂಬರಿಗೆಂದು ನಾರಾಯಣ್ ಮೊತ್ತಮೊದಲು ಬರೆದ ಸಾಲೇ ಮಾಲ್ಗುಡಿ ನಿಲ್ದಾಣಕ್ಕೆ ರೈಲು ಬಂದು ನಿಂತ ಸಂಗತಿ. ಶಾಲೆ, ಸರಯೂ ನದಿ, ಕ್ರಿಕೆಟ್ ತಂಡ, ಎಲ್ಲ ಆಮೇಲೆ ಬಂದವು. ಮೊದಲು ಇದ್ದದ್ದು ನಿಲ್ದಾಣ. ಆ ಕಾದಂಬರಿ ಮುಗಿಯುವುದೂ ನಿಲ್ದಾಣದಲ್ಲೇ: ಸ್ವಾಮಿಯ ಗೆಳೆಯ ರಾಜಂ ಊರು ಬಿಟ್ಟು ಹೋಗುತ್ತಾನೆ, ಸ್ವಾಮಿ ಕೈಯಲ್ಲಿ ಒಂದು ಪುಸ್ತಕ ಹಿಡಿದು ಓಡಿ ಬರುತ್ತಾನೆ. ಅವನು ತಂದದ್ದು ಆಂಡರ್ಸನ್ನನ ಕಿನ್ನರ ಕತೆಗಳು. ಶಂಕರ್ ನಾಗ್ ತಂಡದವರು ಅನುಕೂಲಕ್ಕೆಂದು ಹಿಡಿದ ನಿಲ್ದಾಣ ಇರಬಹುದು, ಆದರೆ ಊರಿನಲ್ಲಿ ಉಳಿಸಿಕೊಳ್ಳಬೇಕಾದ ಒಂದೇ ಕಟ್ಟಡ ಯಾವುದು ಎಂದರೆ ಪುಸ್ತಕ ಕೂಡ ಇದನ್ನೇ ತೋರಿಸುತ್ತಿತ್ತು.

ಲೇಖಕರಿಗೆ ಇದು ಒಪ್ಪಿಗೆಯಾಗುತ್ತಿತ್ತೇ? ‘ಗೈಡ್’ ಸಿನಿಮಾದವರು ಮಾಲ್ಗುಡಿಯನ್ನು ರಾಜಸ್ಥಾನಕ್ಕೆ ಎತ್ತಿಕೊಂಡು ಹೋದಾಗ ಅವರು ಉರಿದುಬಿದ್ದು ಪ್ರಬಂಧವನ್ನೇ ಬರೆದಿದ್ದರು. ಧಾರಾವಾಹಿಯನ್ನು ಮಾತ್ರ ಮೆಚ್ಚಿಕೊಂಡಿದ್ದರು, ಕತೆಯನ್ನು ಕೆಡಿಸಿಲ್ಲ ಎಂದು. ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದುಕೊಟ್ಟಿದ್ದರು. ಹಾಗಾಗಿ ಅರಸಾಳನ್ನು ಸಿನಿಮಾದವರ ಹುಚ್ಚು ಎಂದು ತಳ್ಳಿಹಾಕುವ ಪಂಡಿತರ ಮಾತಿಗೆ ನಾನು ಕಿವಿಗೊಡುವುದಿಲ್ಲ.

ಆಗುಂಬೆಯನ್ನೇಕೆ ಬಿಟ್ಟಿರಿ ಎಂದು ಕೇಳುವವರಿದ್ದಾರೆ. ಅಲ್ಲಿನ ದೊಡ್ಡಮನೆ ಧಾರಾವಾಹಿಯಲ್ಲಿ ಸ್ವಾಮಿಯ ಮನೆಯಾಗಿತ್ತು. ತೊಟ್ಟಿಯ ಸುತ್ತ ಮರದ ಕಂಬಗಳು ನಿಂತಿರುವ ಹಳೆಯ ಮನೆ, ನೋಡಲು ಸೊಗಸು. ಆದರೆ ಅದು ಮ್ಯೂಸಿಯಂ ಅಲ್ಲ, ಒಂದು ಕುಟುಂಬದ ಸ್ವಂತ ಮನೆ. ಹೋಲಿಕೆಗೆ ಎಳೆದು ತರುವುದು ಸರಿಯಲ್ಲ. ಹೋದರೆ ನೆಂಟರ ಮನೆಗೆ ಹೋದ ಹಾಗೆ ಹೋಗಬೇಕು. ಇನ್ನು, ಮಕ್ಕಳಿಗಾಗಿಯೂ ದುಡಿದ ಬರಹಗಾರರ ಜಾಗವೇ ಬೇಕು ಎನ್ನುವವರಿಗೆ ಪುತ್ತೂರಿನಲ್ಲಿ ಶಿವರಾಮ ಕಾರಂತರ ಬಾಲವನವಿದೆ. ಅದರ ಬಗ್ಗೆ ಬರೆಯಲು ಇನ್ನೊಂದು ಲೇಖನವೇ ಬೇಕು.

ಈಗ ವ್ಯವಹಾರದ ಮಾತು. ಯಾದವಗಿರಿ ಸುಲಭ. ಮೈಸೂರಿಗೆ ಹೇಗೂ ಹೋಗುತ್ತೀರಿ, ಅರಮನೆ ಮೃಗಾಲಯಗಳ ನಡುವೆ ಒಂದು ಗಂಟೆ ಬಿಡುವು ಮಾಡಿಕೊಂಡರೆ ಆಯಿತು. ಅಪಾಯವೂ ಅಲ್ಲೇ ಇದೆ. ಮೃಗಾಲಯದಲ್ಲಿ ಜಿರಾಫೆ ನೋಡಿ ಬಂದ ಮಗುವಿಗೆ ಗಾಜಿನ ಹಿಂದಿನ ಕೋಟು ರುಚಿಸುವುದಿಲ್ಲ. ಬೆಳಿಗ್ಗೆ ಮೊದಲು ಇದನ್ನೇ ನೋಡಿ. ಹತ್ತು ವರ್ಷದೊಳಗಿನವರಾದರೆ ಕೆಳಗಿನ ಕೋಣೆಗಳನ್ನು ಬೇಗ ದಾಟಿ ನೇರ ಮಹಡಿಗೆ ಹತ್ತಿಸಿ, ಕಿಟಕಿ ಎಣಿಸಲು ಬಿಡಿ. ಪ್ರೌಢಶಾಲೆಯವರು, ಅದರಲ್ಲೂ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ಮುಖ ಸಣ್ಣ ಮಾಡಿಕೊಂಡವರು ಯಾರಾದರೂ ಜೊತೆಗಿದ್ದರೆ ಅವರಿಗೆ ಇದೇ ಒಳ್ಳೆಯದು. ಹೆಡ್‌ಮಾಸ್ಟರರ ಮಗನಾಗಿಯೂ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ನಪಾಸಾದವರ ಮನೆ ಇದು ಎಂದು ನಾನು ಹೇಳಿದಾಗ ಮಗಳ ಕಣ್ಣಲ್ಲಿ ನಾರಾಯಣ್ ಬೆಲೆ ತಟ್ಟನೆ ಏರಿತು.

ಅರಸಾಳಿಗೆ ಮಾತ್ರ ಬೇಕೆಂದೇ ಹೋಗಬೇಕು. ಶಿವಮೊಗ್ಗದಿಂದ ಕಾರಿನಲ್ಲಿ ಒಂದು ಗಂಟೆಯ ಆಸುಪಾಸು, ರಿಪ್ಪನ್‌ಪೇಟೆ ಹತ್ತಿರದ ಊರು. ಊಟ ತಿಂಡಿಯನ್ನು ಅಲ್ಲೇ ಮುಗಿಸಿಕೊಳ್ಳುವುದು ಕ್ಷೇಮ, ಚಹಾದ ಬೋಗಿಯನ್ನೇ ನಂಬಿ ಹಸಿದ ಮಕ್ಕಳನ್ನು ಕರೆದೊಯ್ಯಬೇಡಿ. ನಾನು ಮೆಚ್ಚುವುದು ರೈಲಿನ ದಾರಿ. ಮೈಸೂರಿನಿಂದ ತಾಳಗುಪ್ಪದ ರೈಲುಗಳು ಇದೇ ಹಳಿಯ ಮೇಲೆ ಹಾದು ಹೋಗುತ್ತವೆ, ಅಂದರೆ ನಾರಾಯಣ್ ಮನೆಯ ಊರಿನಿಂದ ಸ್ವಾಮಿಯ ನಿಲ್ದಾಣದವರೆಗೆ ಒಂದೇ ಹಳಿ. ಎಲ್ಲ ಗಾಡಿಗಳೂ ಅರಸಾಳಿನಲ್ಲಿ ನಿಲ್ಲುವುದಿಲ್ಲ, ವೇಳಾಪಟ್ಟಿ ಬದಲಾಗುತ್ತಲೂ ಇರುತ್ತದೆ. ಹೊರಡುವ ಮುನ್ನ ಯಾವುದು ನಿಲ್ಲುತ್ತದೆ, ಹಿಂದಿರುಗಲು ಯಾವುದು ಸಿಗುತ್ತದೆ ಎಂದು ನೋಡಿಕೊಳ್ಳಿ. ಎರಡೂ ಕಡೆ ವಾರದ ರಜೆ ವಿಚಾರಿಸಿಕೊಳ್ಳಿ.

ಎರಡನ್ನೂ ನೋಡುವವರಿಗೆ ನನ್ನ ಸಲಹೆ ಅರಸಾಳು ಮೊದಲು, ಯಾದವಗಿರಿ ಆಮೇಲೆ. ಸ್ವಾಮಿಯನ್ನು ಕಂಡು ಬಂದ ಮಗುವಿಗೆ ಅವನನ್ನು ಬರೆದ ತಾತ ಯಾರು ಎಂಬ ಕುತೂಹಲ ಹುಟ್ಟುತ್ತದೆ. ತಾತನ ಕನ್ನಡಕ ನೋಡಿ ಬಂದ ಮಗುವಿಗೆ ಸ್ವಾಮಿಯ ಮೇಲೆ ಕುತೂಹಲ ಹುಟ್ಟುವುದನ್ನು ನಾನಂತೂ ಕಂಡಿಲ್ಲ. ಮಳೆಗಾಲವಾದರೆ ಅರಸಾಳಿನಿಂದ ಅದೇ ಹಳಿಯ ಮೇಲೆ ಮುಂದೆ ತಾಳಗುಪ್ಪಕ್ಕೆ ಹೋಗಿಬಿಡಿ. ಅಲ್ಲಿಂದ ಜೋಗ ದೂರವಿಲ್ಲ, ಗೊಣಗುವ ಅಣ್ಣಂದಿರಿಗೂ ಬಂದದ್ದು ಸಾರ್ಥಕ ಎನಿಸುತ್ತದೆ.