ಉಲ್ಲೇಖದ ಉದ್ದೇಶ ಹೇಳುವ ತಂತ್ರಾಂಶ: ಎರಡೂವರೆ ವರ್ಷ ಬಳಸಿದ ಮೇಲೆ

ನಾನು ರಾಯಚೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ವಿಷಯ ತುಂಗಭದ್ರಾ ಎಡದಂಡೆ ಕಾಲುವೆ ಕೆಳಗಿನ ಸವಳು ಭೂಮಿ, ಅದಕ್ಕೆ ಹಾಕುವ ನೆಲದಡಿಯ ಬಸಿಗಾಲುವೆ. ಒಂದು ಹಳೇ ಪೇಪರನ್ನು ಇನ್ನೂರು ಜನ ಉಲ್ಲೇಖಿಸಿರುತ್ತಾರೆ. ಯಾರು ಯಾಕೆ ಉಲ್ಲೇಖಿಸಿದರು ಅಂತ ಒಂದೊಂದನ್ನೂ ತೆಗೆದು ಓದುವಷ್ಟು ಪುರುಸೊತ್ತು ಎಲ್ಲಿದೆ? ಅದಕ್ಕೇ ದುಡ್ಡು ಕೊಟ್ಟು ಈ ಸೇವೆ ತಗೊಂಡೆ. ಬೈಯೋದೂ ಇದೆ, ಹಾಗಾಗಿ ಹೆಸರು ಬೇಡ. ಪ್ರತಿ ಉಲ್ಲೇಖಕ್ಕೂ ಇದು ಒಂದು ಚೀಟಿ ಅಂಟಿಸುತ್ತದೆ: ಹಿನ್ನೆಲೆ, ವಿಧಾನ, ಇಲ್ಲವೇ ಫಲಿತಾಂಶದ ಹೋಲಿಕೆ.

ಸವಳು ಮಣ್ಣಿನ ಕೆಲಸ ಮಾಡುವವರು 1954ರಲ್ಲಿ ಅಮೆರಿಕದ ಕೃಷಿ ಇಲಾಖೆ ಸವಳು ಮಣ್ಣಿನ ಬಗ್ಗೆ ತಂದ ಕೈಪಿಡಿ ‘ಹ್ಯಾಂಡ್‌ಬುಕ್ 60’ ಹೆಸರು ಹಾಕದೇ ಇರುವುದು ಕಡಿಮೆ. ಒಬ್ಬರು ‘ಇ.ಸಿ. (ಉಪ್ಪು ಎಷ್ಟಿದೆ ಅಂತ ತೋರಿಸುವ ವಿದ್ಯುತ್ ವಾಹಕತೆ) 4 ದಾಟಿದರೆ ಸವಳು’ ಅನ್ನುವ ಗೆರೆಗಾಗಿ ಹಾಕುತ್ತಾರೆ. ಇನ್ನೊಬ್ಬರು ಮಣ್ಣಿಗೆ ನೀರು ಹಾಕಿ ಕಲಸಿ, ಅದರಿಂದ ರಸ ಎಳೆದು ಇ.ಸಿ. ಅಳೆಯುವ ಕ್ರಮಕ್ಕಾಗಿ ಹಾಕುತ್ತಾರೆ. ಪುಸ್ತಕ ಒಂದೇ, ಕೆಲಸ ಎರಡು. ಮೊದಲನೆಯದು ಹಿನ್ನೆಲೆ, ಎರಡನೆಯದು ವಿಧಾನ ಅಂತ ಇದು ಚೆನ್ನಾಗಿಯೇ ಬೇರೆ ಮಾಡುತ್ತದೆ. ‘ವಿಧಾನ’ ಒತ್ತಿ ಪಟ್ಟಿ ಇಳಿಸಿಕೊಂಡರೆ ವಾರದ ಕೆಲಸ ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಕೊಟ್ಟ ದುಡ್ಡು ಅಲ್ಲೇ ವಸೂಲು.

ಎಡವುವುದು ಟೀಕೆ ಬಂದಾಗ. ಬಸಿಗಾಲುವೆಗಳ ನಡುವೆ ಎಷ್ಟು ಅಂತರ ಬಿಡಬೇಕು ಅನ್ನುವ ಒಂದು ಪೇಪರಿನ ಮೇಲೆ ಅಧ್ಯಾಯ ಬರೆದಿದ್ದೆ. ಗೈಡ್ ಮೇಡಂ ಕರೆಸಿ, ‘ಇದನ್ನ ತಪ್ಪು ಅಂದವರನ್ನ ಯಾಕ ಬಿಟ್ಟೀರಿ?’ ಅಂದರು. ಹುಡುಕಿದರೆ ಆ ಟೀಕೆ ‘ಹಿನ್ನೆಲೆ’ ಚೀಟಿಯ ಕೆಳಗೆ ಕೂತಿತ್ತು. ಆ ಲೇಖಕರು ಒಂದು ವಾಕ್ಯದಲ್ಲಿ ‘ಉಪಯುಕ್ತ ಅಧ್ಯಯನ’ ಅಂದಿದ್ದರು. ಮುಂದಿನ ವಾಕ್ಯದಲ್ಲೇ ‘ಎರೆ ಭೂಮಿಗೆ ಇಷ್ಟು ಅಂತರ ಆಗುವುದಿಲ್ಲ’ ಅಂದಿದ್ದರು. ತಂತ್ರಾಂಶ ನೋಡಿದ್ದು ಉಲ್ಲೇಖ ಇದ್ದ ಮೊದಲ ವಾಕ್ಯ ಮಾತ್ರ. ನಮ್ಮಲ್ಲಿ ಮದುವೆ ಊಟ ಮಾಡಿ ಬಂದವರು ‘ಎಲ್ಲಾ ಚಲೋ ಇತ್ತು ಬಿಡ್ರಿ’ ಅಂತ ಶುರು ಮಾಡುತ್ತಾರೆ. ಸಾರಿಗೆ ಉಪ್ಪಿರಲಿಲ್ಲ ಅನ್ನುವುದು ಆಮೇಲೆ ಬರುತ್ತದೆ, ಅಲ್ವಾ?

ಇನ್ನೊಂದು ತಕರಾರು ಈ ಮೂರೇ ಚೀಟಿಗಳದ್ದು. ವಿಜ್ಞಾನ ಪೇಪರುಗಳ ಉಲ್ಲೇಖ ಸೂಚಿ ಶುರು ಮಾಡಿದ ಯುಜೀನ್ ಗಾರ್ಫೀಲ್ಡ್ 1960ರ ದಶಕದಲ್ಲೇ ಉಲ್ಲೇಖಿಸಲು 15 ಕಾರಣ ಪಟ್ಟಿ ಮಾಡಿದ್ದರು. ಮೂರಕ್ಕೆ ಇಳಿಸಿದರೆ ಯಂತ್ರಕ್ಕೆ ಕಲಿಯುವುದು ಸುಲಭ, ನಿಜ. ಉಲ್ಲೇಖದ ಉದ್ದೇಶ ಗುರುತಿಸಲು ಯಂತ್ರಕ್ಕೆ ಕಲಿಸೋಕೆ ಅಂತ 2019ರಲ್ಲಿ ಬಂದ ‘ಸೈಸೈಟ್’ ದತ್ತಾಂಶದಲ್ಲೂ ಇದೇ ಮೂರು ವಿಭಾಗ, ಸುಮಾರು 11,000 ಉಲ್ಲೇಖ. ಆದರೆ ಅವು ಕಂಪ್ಯೂಟರ್ ಮತ್ತು ವೈದ್ಯಕೀಯ ಪೇಪರುಗಳವು, ಅರ್ಧಕ್ಕಿಂತ ಜಾಸ್ತಿ ‘ಹಿನ್ನೆಲೆ’. ಅಂಥದ್ದರಲ್ಲಿ ಕಲಿತ ಯಂತ್ರ ಗೊತ್ತಾಗದ್ದನ್ನೆಲ್ಲ ‘ಹಿನ್ನೆಲೆ’ಗೆ ತಳ್ಳಿದರೆ ಆಶ್ಚರ್ಯ ಏನಿಲ್ಲ. ‘ಫಲಿತಾಂಶ’ ಅಂತ ಬಂದರೂ ಹೊಂದಿತೋ ಹೊಂದಲಿಲ್ಲವೋ ನಾವೇ ನೋಡಬೇಕು.

ಈಗ ‘ವಿಧಾನ’ವನ್ನು ಸುಮ್ನೆ ನಂಬುತ್ತೇನೆ. ‘ಹಿನ್ನೆಲೆ’ ಇರುವುದನ್ನೆಲ್ಲ ತೆರೆದು ಮುಂದಿನ ಎರಡು ವಾಕ್ಯ ಓದುತ್ತೇನೆ. ಚಂದಾ ಮುಗಿದಿತ್ತು, ಮತ್ತೆ ಕಟ್ಟಿದೆ. ಈ ಸಲ ವರ್ಷಕ್ಕಲ್ಲ, ತಿಂಗಳ ಲೆಕ್ಕಕ್ಕೆ.